ಅವ್ವನ ರಿಪೋರ್ಟ್‌ನಲ್ಲಿ ಎಸ್‌ಸಿಸಿ 18.4 ಅಂತ ಬಂದಿದೆ

ಓದುಗರ ಪ್ರಶ್ನೆ, ಡಾಕ್ಟರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು: ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮತ್ತು ರಕ್ತದ ಪರೀಕ್ಷೆ. ಉತ್ತರ ಬರೆದವರು 31 ವರ್ಷ ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ವೈದ್ಯೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಅವ್ವನಿಗೆ 54 ವರ್ಷ. ಮುಟ್ಟು ನಿಂತು ಐದು ವರ್ಷ ಆದ ಮೇಲೆ ಮತ್ತೆ ರಕ್ತ ಹೋಗೋಕೆ ಶುರುವಾಯಿತು. ತೋರಿಸಿದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್, 3ಬಿ ಹಂತ ಅಂದರು. ಬಯಾಪ್ಸಿಯಲ್ಲಿ ಸ್ಕ್ವೇಮಸ್ ಸೆಲ್ ಅಂತ ಇದೆ. ಮುಂದಿನ ಸೋಮವಾರದಿಂದ ಕರೆಂಟ್ (ರೇಡಿಯೇಷನ್) ಕೊಡೋದು, ವಾರಕ್ಕೊಂದು ಕೀಮೋ. ರಕ್ತದ ರಿಪೋರ್ಟ್‌ನಲ್ಲಿ ಎಸ್‌ಸಿಸಿ ಆಂಟಿಜೆನ್ 18.4 ಬಂದಿದೆ, ಪಕ್ಕದಲ್ಲಿ 1.5ರ ಒಳಗೆ ಇರಬೇಕು ಅಂತ ಬರೆದಿದೆ. ಹಿಮೋಗ್ಲೋಬಿನ್ 8.6. ನ್ಯೂಟ್ರೋಫಿಲ್ 78, ಲಿಂಫೋಸೈಟ್ 14. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 5ಕ್ಕಿಂತ ಜಾಸ್ತಿ ಬರುತ್ತೆ, ಇಂಥವರು ಉಳಿಯೋದಿಲ್ಲ ಅಂತ ನನ್ನ ತಮ್ಮ ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಾನೆ. ಹೊಲ ಒತ್ತೆ ಇಟ್ಟು ಟ್ರೀಟ್‌ಮೆಂಟ್ ಕೊಡಿಸಿ ಪ್ರಯೋಜನ ಇದೆಯಾ ಅಂತ ಮನೆಯಲ್ಲಿ ಮಾತು ಎದ್ದಿದೆ. ಅವ್ವನಿಗೆ ಇದ್ಯಾವುದೂ ಗೊತ್ತಿಲ್ಲ.
ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಂಗಿ, ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿದ್ದೆ. ಸೋಮವಾರ ಮಾತ್ರ ತಪ್ಪಿಸಬೇಡಿ ಅಂತ ಹೇಳಿ ಇಟ್ಟೆ. ಉಳಿದದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ನಿಮ್ಮ ಹಾಗೇ ರಿಪೋರ್ಟ್ ಹಿಡಿದು ಕೂತಿರುವ ಮನೆಗಳು ಬಹಳ ಇವೆ.

ಮೊದಲು 3ಬಿ ವಿಷಯ. ಗಡ್ಡೆ ಕಿಬ್ಬೊಟ್ಟೆಯ ಪಕ್ಕದ ಗೋಡೆಯ ತನಕ ಹರಡಿರುವ, ಇಲ್ಲವೇ ಮೂತ್ರನಾಳವನ್ನು ಒತ್ತಿರುವ ಹಂತ ಅದು. ಆ ಒಂದು ಮಾತು ಕೇಳಿಯೇ ಮನೆಯವರು ಕೈ ಚೆಲ್ಲುತ್ತಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇದೇ 3ಬಿ ಹಂತದ 850 ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಮಾಡಿದರು. ಅದು 2018ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಬರೀ ರೇಡಿಯೇಷನ್, ಇನ್ನರ್ಧ ಜನಕ್ಕೆ ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ. ಐದು ವರ್ಷದ ಲೆಕ್ಕಕ್ಕೆ ಬರೀ ರೇಡಿಯೇಷನ್ ಪಡೆದವರಲ್ಲಿ 100ಕ್ಕೆ 46 ಜನ ಬದುಕಿದ್ದರು, ಕೀಮೋ ಸೇರಿಸಿದವರಲ್ಲಿ 54 ಜನ. ನಿಮ್ಮ ಅವ್ವನಿಗೆ ಕೊಡಲು ಹೊರಟಿರುವುದು ಈ ಎರಡನೆಯ ರೀತಿಯ ಟ್ರೀಟ್‌ಮೆಂಟ್. 54 ಅನ್ನೋದು ಸಣ್ಣ ಸಂಖ್ಯೆ ಅಲ್ಲ. ಇದನ್ನು ನಿಮ್ಮ ತಮ್ಮನಿಗೆ ಓದಿ ಹೇಳಿ.

ಈಗ ಅವನ ಭಾಗಾಕಾರ. ಲೆಕ್ಕ ಸರಿಯಾಗಿಯೇ ಇದೆ, 78ನ್ನು 14ರಿಂದ ಭಾಗಿಸಿದರೆ 5.6 ಬರುತ್ತದೆ. ಇದಕ್ಕೆ ಎನ್‌ಎಲ್‌ಆರ್ ಅಂತಾರೆ. ನ್ಯೂಟ್ರೋಫಿಲ್ ಅಂದ್ರೆ ದೇಹದಲ್ಲಿ ಎಲ್ಲಿ ಉರಿಯೂತ ಇದೆಯೋ ಅಲ್ಲಿಗೆ ಮೊದಲು ಓಡುವ ಬಿಳಿಕಣ. ಲಿಂಫೋಸೈಟ್ ಅಂದ್ರೆ ಕ್ಯಾನ್ಸರ್ ಕಣವನ್ನು ಗುರುತು ಹಿಡಿದು ಕೊಲ್ಲುವ ಜಾತಿಯ ಬಿಳಿಕಣ. ಮೊದಲನೆಯದು ಏರಿ ಎರಡನೆಯದು ಇಳಿದಿದ್ದರೆ ಅಂಥ ಹೆಂಗಸರ ಗುಂಪಿನಲ್ಲಿ ಕಾಯಿಲೆ ಮರುಕಳಿಸುವುದು ಸ್ವಲ್ಪ ಜಾಸ್ತಿ. ಇದು ಬಹಳ ಅಧ್ಯಯನಗಳಲ್ಲಿ ಕಂಡಿದೆ, ಸುಳ್ಳಲ್ಲ. ಆದರೆ ಎಷ್ಟಕ್ಕೆ ‘ಜಾಸ್ತಿ’ ಅನ್ನಬೇಕು ಅನ್ನೋದರಲ್ಲೇ ಒಮ್ಮತ ಇಲ್ಲ. ಒಬ್ಬರು 2 ಅಂತಾರೆ, ಇನ್ನೊಬ್ಬರು 3, ಮತ್ತೊಬ್ಬರು 5. ಇದರಲ್ಲಿ ಬಹಳಷ್ಟು ಕೆಲಸ ಹಳೆಯ ಫೈಲುಗಳನ್ನು ತೆಗೆದು ಹಿಂದಿನಿಂದ ಲೆಕ್ಕ ಹಾಕಿದ್ದು. ಗುಂಪಿನ ಲೆಕ್ಕ ಗುಂಪಿಗೆ ಸರಿ. ಒಬ್ಬ ಹೆಂಗಸು ಉಳಿಯುತ್ತಾಳೋ ಇಲ್ಲವೋ ಅಂತ ಅದರಿಂದ ಹೇಳಲು ಬರುವುದಿಲ್ಲ. ಈ ಒಂದು ಸಂಖ್ಯೆ ನೋಡಿ ಯಾವ ಡಾಕ್ಟರೂ ಟ್ರೀಟ್‌ಮೆಂಟ್ ನಿಲ್ಲಿಸುವುದಿಲ್ಲ, ಬದಲಾಯಿಸುವುದೂ ಇಲ್ಲ.

ಇನ್ನೊಂದು ವಿಷಯ. ನ್ಯೂಟ್ರೋಫಿಲ್ ಏರೋದಕ್ಕೆ ಕ್ಯಾನ್ಸರೇ ಬೇಕು ಅಂತಿಲ್ಲ. ಗದಗದ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ರಿಪೋರ್ಟ್‌ನಲ್ಲಿ ಈ ಲೆಕ್ಕ 8ರ ಹತ್ತಿರ. ನನ್ನ ಜೂನಿಯರ್ ಹುಡುಗಿ ಮುಖ ಸಣ್ಣ ಮಾಡಿಕೊಂಡು ಫೈಲ್ ತಂದಿಟ್ಟಳು. ಅಜ್ಜಿಯ ಕೈ ಹಿಡಿದರೆ ಸುಡುತ್ತಿತ್ತು. ಹೊಟ್ಟೆ ಮುಟ್ಟಿದರೆ ‘ಯವ್ವಾ’ ಅಂದರು. ಗಡ್ಡೆಯಿಂದ ಗರ್ಭಕೋಶದ ಬಾಯಿ ಮುಚ್ಚಿಕೊಂಡು ಒಳಗೆ ಕೀವು ತುಂಬಿತ್ತು. ಕೀವು ತೆಗೆದು, ಆಂಟಿಬಯಾಟಿಕ್ ಕೊಟ್ಟು, ಹತ್ತು ದಿನ ಬಿಟ್ಟು ನೋಡಿದರೆ ಲೆಕ್ಕ 3ಕ್ಕೆ ಇಳಿದಿತ್ತು. ಮೂತ್ರದ ಸೋಂಕಿನಲ್ಲೂ ಹೀಗೇ ಆಗುತ್ತದೆ. ಕೀಮೋ ದಿನ ವಾಂತಿ ಬಾರದಿರಲಿ ಅಂತ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತೇವಲ್ಲ, ಅದು ಸ್ಟೆರಾಯ್ಡ್. ಅದರ ಮಾರನೇ ದಿನ ರಕ್ತ ತೆಗೆದರೂ ನ್ಯೂಟ್ರೋಫಿಲ್ ಏರಿಯೇ ಇರುತ್ತದೆ. ನಿಮ್ಮ ಅವ್ವನಿಗೆ ಜ್ವರ, ಚಳಿ, ಉರಿಮೂತ್ರ, ವಾಸನೆ ಬರೋ ಬಿಳಿಸೆರಗು ಇದೆಯಾ ಅಂತ ಕೇಳಿ. ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ಆ 5.6 ನಿಮಗೆ ಹೇಳುತ್ತಿರುವುದು ಅಷ್ಟೇ ಇರಬಹುದು.

ಎಸ್‌ಸಿಸಿ ಆಂಟಿಜೆನ್ ಬೇರೆ ವಿಷಯ. ಎಸ್‌ಸಿಸಿ ಅಂದ್ರೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಮೇಲ್ಪದರದ ಚಪ್ಪಟೆ ಕಣಗಳಿಂದ ಹುಟ್ಟುವ ಕ್ಯಾನ್ಸರ್. ಅದು ಈ ಕಾಯಿಲೆಗೇ ಹತ್ತಿರದ್ದು. 1977ರಲ್ಲಿ ಜಪಾನಿನ ಕಾಟೊ ಮತ್ತು ಟೊರಿಗೊಯೆ ಅನ್ನುವವರು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಗಡ್ಡೆಯಿಂದಲೇ ಈ ಪ್ರೋಟೀನನ್ನು ಬೇರ್ಪಡಿಸಿದ್ದರು. ಗಡ್ಡೆ ದೊಡ್ಡದಿದ್ದಷ್ಟೂ, ಅಕ್ಕಪಕ್ಕಕ್ಕೆ ಹರಡಿದ್ದಷ್ಟೂ ಸಾಮಾನ್ಯವಾಗಿ ಅದು ಏರುತ್ತದೆ. ಹೀಗಾಗಿ 3ಬಿ ಹಂತದಲ್ಲಿ 18.4 ಬಂದಿದ್ದು ಹೊಸ ಕೆಟ್ಟ ಸುದ್ದಿ ಅಲ್ಲ. ಗಡ್ಡೆ ದೊಡ್ಡದಿದೆ ಅಂತ ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿ ಹೇಳಿದ್ದನ್ನೇ ರಕ್ತವೂ ಹೇಳುತ್ತಿದೆ. ಒಂದು ಮಾತು ನಿಜ: ಇದು ಬಹಳ ಏರಿರುವವರಲ್ಲಿ ಲಿಂಫ್ ಗಂಟುಗಳಿಗೆ ಹರಡಿರುವ ಸಾಧ್ಯತೆ ಜಾಸ್ತಿ. ಸ್ಕ್ಯಾನಿನಲ್ಲಿ ಕಿಬ್ಬೊಟ್ಟೆಯ ಗಂಟುಗಳ ಜೊತೆ ಬೆನ್ನುಮೂಳೆ ಪಕ್ಕದ ಗಂಟುಗಳನ್ನೂ ನೋಡಿದ್ದಾರಾ ಅಂತ ಒಂದು ಸಲ ಕೇಳಿಕೊಳ್ಳಿ. ಅಲ್ಲಿ ಇದ್ದರೆ ರೇಡಿಯೇಷನ್ ಕೊಡುವ ಜಾಗವನ್ನು ಮೇಲಕ್ಕೆ ವಿಸ್ತರಿಸುತ್ತಾರೆ. ಹಾಗಾಗಿ ಶುರುವಾಗುವ ಮೊದಲೇ ಕೇಳಿದರೆ ಒಳ್ಳೆಯದು.

ಎಸ್‌ಸಿಸಿಯ ನಿಜವಾದ ಉಪಯೋಗ ಇರೋದು ಇಳಿಕೆ ನೋಡುವುದರಲ್ಲಿ. ಈ ಪ್ರೋಟೀನ್ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಗಡ್ಡೆ ಕರಗಿದಂತೆ ಅದೂ ಇಳಿಯುತ್ತಾ ಬರಬೇಕು. ಟ್ರೀಟ್‌ಮೆಂಟ್ ಮುಗಿದ ಮೇಲಿನ ತಿಂಗಳುಗಳಲ್ಲಿ ಮಾಮೂಲಿಗೆ ಬಂದರೆ ಅದು ನೆಮ್ಮದಿಯ ಸೂಚನೆ. ಬಾರದೇ ಮೇಲೆಯೇ ನಿಂತರೆ ಒಳಗೆ ಏನೋ ಉಳಿದಿದೆ ಅಂತ ನಾವು ಹುಡುಕುತ್ತೇವೆ. ಹಾಗಾಗಿ ಇವತ್ತಿನ 18.4ನ್ನು ಒಂದು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ತಾರೀಕಿನ ಜೊತೆ ಬರೆದಿಡಿ. ಅದರ ಕೆಳಗೆ ಬರುವ ಸಾಲುಗಳೇ ಮುಖ್ಯ.

ಈಗ ನಾನು ಹೆಚ್ಚು ಹೊತ್ತು ಮಾತಾಡಬೇಕಾದ ಸಂಖ್ಯೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿದಿದೆ: ಹಿಮೋಗ್ಲೋಬಿನ್ 8.6. ಮನೆಯಲ್ಲಿ ಯಾರೂ ಅದರ ಬಗ್ಗೆ ಗಾಬರಿಯಾಗಿಲ್ಲ, ಅಲ್ವಾ? ನನಗೆ ಓದಿದ ಕೂಡಲೇ ಕಣ್ಣಿಗೆ ಬಿದ್ದದ್ದು ಅದೇ.

ಸೌದೆ ಒಲೆ ಉರಿಯಬೇಕಾದರೆ ಊದುಗೊಳವೆ ಹಿಡಿದು ಗಾಳಿ ಊದುತ್ತೇವೆ. ರೇಡಿಯೇಷನ್ನಿಗೂ ಹಾಗೇ ಆಮ್ಲಜನಕ ಬೇಕು. ಕಿರಣ ಕ್ಯಾನ್ಸರ್ ಕಣದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಪಕ್ಕದಲ್ಲಿ ಆಮ್ಲಜನಕ ಇದ್ದರೆ ಆ ಪೆಟ್ಟು ಹಾಗೇ ನಿಲ್ಲುತ್ತದೆ, ಇಲ್ಲದಿದ್ದರೆ ಕಣ ರಿಪೇರಿ ಮಾಡಿಕೊಂಡುಬಿಡುತ್ತದೆ. ಆಮ್ಲಜನಕವೇ ಇಲ್ಲದ ಕಣವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತದೆ. ಅಷ್ಟು ಕೊಟ್ಟರೆ ಕರುಳು, ಮೂತ್ರಕೋಶ ತಡೆಯುವುದಿಲ್ಲ. ಆಮ್ಲಜನಕವನ್ನು ಗಡ್ಡೆಯ ತನಕ ಹೊತ್ತು ತರುವುದು ಹಿಮೋಗ್ಲೋಬಿನ್. ಟ್ರೀಟ್‌ಮೆಂಟ್ ನಡೆಯುವ ವಾರಗಳಲ್ಲಿ ಅದು ಕಡಿಮೆ ಇದ್ದವರಲ್ಲಿ ಫಲಿತಾಂಶವೂ ಕಡಿಮೆ ಅನ್ನೋದು ದೇಶ ವಿದೇಶಗಳಲ್ಲಿ ಕಂಡಿದೆ. ರಕ್ತ ಹಾಕಿಸಿದ ಮಾತ್ರಕ್ಕೆ ಎಲ್ಲರಿಗೂ ಗುಣ ಜಾಸ್ತಿಯಾಗುತ್ತದೆ ಅಂತ ಪಕ್ಕಾ ಸಾಬೀತಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ 8.6 ಇರುವವರನ್ನು ಹಾಗೇ ಮೆಷಿನ್ ಕೆಳಗೆ ಮಲಗಿಸಲು ನನಗೆ ಯಾವತ್ತೂ ಮನಸ್ಸು ಬಂದಿಲ್ಲ. 10ಕ್ಕಿಂತ ಕೆಳಗೆ ಬಿಡಬಾರದು ಅಂತ ನಮ್ಮ ವಾರ್ಡಿನಲ್ಲಿ ಪಾಲಿಸುತ್ತಿದ್ದೆವು.

ಬೀಟ್‌ರೂಟ್, ದಾಳಿಂಬೆ, ನುಗ್ಗೆಸೊಪ್ಪು ಕೊಡಿ, ಬೇಡ ಅನ್ನಲ್ಲ. ಆದರೆ ಅದರಿಂದ ಸೋಮವಾರದೊಳಗೆ 8.6 ಏರುವುದಿಲ್ಲ. ಕಬ್ಬಿಣದ ಮಾತ್ರೆಗೂ ವಾರಗಟ್ಟಲೆ ಬೇಕು. ಡಾಕ್ಟರನ್ನು ಕೇಳಿ ರಕ್ತ ಹಾಕಿಸಿ. ನಿಮ್ಮ ತಮ್ಮನಿಗೆ ಏನಾದರೂ ಮಾಡಬೇಕು ಅಂತ ತಳಮಳ ಇದೆ, ಅದಕ್ಕೇ ಮೊಬೈಲ್ ಕೆದಕುತ್ತಿದ್ದಾನೆ. ಅವನು ಬ್ಲಡ್ ಬ್ಯಾಂಕಿಗೆ ಹೋಗಿ ಒಂದು ಬಾಟಲಿ ರಕ್ತ ಕೊಡಲಿ. ಗುಂಪು ಬೇರೆ ಇದ್ದರೂ ಪರವಾಗಿಲ್ಲ, ಸಾಮಾನ್ಯವಾಗಿ ಬದಲಿಗೆ ತೆಗೆದುಕೊಳ್ಳುತ್ತಾರೆ. ರೇಡಿಯೇಷನ್ ಶುರುವಾದರೆ ಒಂದೆರಡು ವಾರದಲ್ಲಿ ರಕ್ತ ಹೋಗುವುದೂ ಸಾಮಾನ್ಯವಾಗಿ ನಿಂತುಹೋಗುತ್ತದೆ. ರಕ್ತ ಹೆಚ್ಚಿಸೋ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಅಂತ ಯಾರಾದರೂ ಹೇಳಿದರೆ ನೀವಾಗಿಯೇ ಹೋಗಿ ಹಾಕಿಸಬೇಡಿ. ಇದೇ ಕಾಯಿಲೆಯಲ್ಲಿ ಅದನ್ನು ಪ್ರಯೋಗ ಮಾಡಿದಾಗ ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆಯ ಭಯಕ್ಕೆ ಪ್ರಯೋಗವನ್ನೇ ಮಧ್ಯದಲ್ಲಿ ನಿಲ್ಲಿಸಿದ್ದರು.

ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಸಂಖ್ಯೆ, ಎಷ್ಟಿದೆ ಅಂತ ನೀವು ಬರೆದಿಲ್ಲ. 3ಬಿ ಹಂತದಲ್ಲಿ ಗಡ್ಡೆ ಮೂತ್ರನಾಳವನ್ನು ಒತ್ತಿರಬಹುದು, ಸಿಸ್‌ಪ್ಲಾಟಿನ್ ಕೂಡ ಕಿಡ್ನಿಗೆ ಭಾರ. ಅದನ್ನು ನೋಡಿಕೊಳ್ಳಿ. ನೀರು ಚೆನ್ನಾಗಿ ಕುಡಿಸಿ.

ಇನ್ನು ರಿಪೋರ್ಟ್‌ನಲ್ಲಿ ಎಲ್ಲೂ ಇಲ್ಲದ ಒಂದು ಸಂಖ್ಯೆ: ಎಂಟು ವಾರ. ಹೊರಗಿನಿಂದ ಕೊಡುವ ಕರೆಂಟ್ ಸುಮಾರು 25 ಸಲ, ಆಮೇಲೆ ಒಳಗಿಂದ ಕೊಡುವುದು ಮೂರು ನಾಲ್ಕು ಸಲ. ಮೊದಲ ದಿನದಿಂದ ಕೊನೆಯ ದಿನದ ತನಕ ಎಲ್ಲವೂ 56 ದಿನದೊಳಗೆ ಮುಗಿಯಬೇಕು. ಅದನ್ನು ದಾಟಿದ ಒಂದೊಂದು ದಿನಕ್ಕೂ ಗಡ್ಡೆ ಹಿಡಿತಕ್ಕೆ ಸಿಗುವ ಸಾಧ್ಯತೆ ಅರ್ಧದಿಂದ ಒಂದು ಪರ್ಸೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ.

2004ರ ಸುಮಾರಿಗೆ ಹಾವೇರಿ ಕಡೆಯ ಒಬ್ಬರು ನನ್ನ ಹತ್ತಿರ ಟ್ರೀಟ್‌ಮೆಂಟಿನಲ್ಲಿದ್ದರು. 2ಬಿ ಹಂತ, ಹಿಮೋಗ್ಲೋಬಿನ್ 12, ಗಟ್ಟಿಮುಟ್ಟಾದ ಹೆಂಗಸು. ನಾಲ್ಕನೇ ವಾರ ಮಗಳ ಹೆರಿಗೆ ಅಂತ ಊರಿಗೆ ಹೊರಟರು. ‘ಬೇಗ ಬನ್ನಿ’ ಅಂದೆ. ಬಾಣಂತನ ಮುಗಿಸಿ ಮೂರು ವಾರದ ಮೇಲೆ ಬಂದರು, ಕೈಯಲ್ಲಿ ಒಂದು ಡಬ್ಬಿ ಅಂಟಿನುಂಡೆ. ಉಳಿದ ಕರೆಂಟ್ ಕೊಟ್ಟು ಮುಗಿಸಿದೆವು. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬಂತು, ಉಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಈ ಎನ್‌ಎಲ್‌ಆರ್ ಮಾತು ಬಂದಾಗ ಅವರ ಹಳೇ ಫೈಲ್ ತೆಗೆಸಿ ಪೆನ್ಸಿಲ್ ಹಿಡಿದು ಭಾಗಿಸಿ ನೋಡಿದೆ. 1.9. ಬಹಳ ಒಳ್ಳೆಯ ಸಂಖ್ಯೆ. ಅವತ್ತು ಬರೀ ‘ಬೇಗ ಬನ್ನಿ’ ಅನ್ನುವ ಬದಲು ಎಂಟು ವಾರದ ಲೆಕ್ಕವನ್ನು ಅವರ ಮುಂದೆ ಕೂತು ಬಿಡಿಸಿ ಹೇಳಿದ್ದರೆ ಹೋಗುತ್ತಿರಲಿಲ್ಲವೇನೋ. ಅಂದಿನಿಂದ ಮೊದಲ ದಿನವೇ ಕ್ಯಾಲೆಂಡರಿನಲ್ಲಿ 56ನೇ ದಿನಕ್ಕೆ ಕೆಂಪು ಗುರುತು ಹಾಕಿ ಮನೆಯವರ ಕೈಗೆ ಕೊಡುವುದನ್ನು ರೂಢಿ ಮಾಡಿಕೊಂಡೆ. ನೀವೂ ಹಾಕಿಕೊಳ್ಳಿ. ದಿನಾ ಬಸ್ಸಿನಲ್ಲಿ ಓಡಾಡುವ ಬದಲು ಆ ಐದಾರು ವಾರ ಆಸ್ಪತ್ರೆಯ ಹತ್ತಿರವೇ ಧರ್ಮಶಾಲೆಯೋ ರೂಮೋ ನೋಡಿ.

ಹೊಲ ಒತ್ತೆ ಇಡುವ ಮೊದಲು ರೇಷನ್ ಕಾರ್ಡ್ ನೋಡಿ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಕ್ಯಾನ್ಸರ್ ಚಿಕಿತ್ಸೆ ಅದರಲ್ಲಿ ಸೇರುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ.

ಮತ್ತೆ, ಅವ್ವನಿಗೆ ಹೇಳಿ. ದಿನಾ ಮೆಷಿನ್ ಕೆಳಗೆ ಮಲಗುವವರು ಅವರು. ಯಾಕೆ ಒಂದು ದಿನವೂ ತಪ್ಪಿಸಬಾರದು ಅಂತ ಅವರಿಗೇ ಗೊತ್ತಿದ್ದರೆ ನೀವು ದಿನಾ ಬೆನ್ನು ಹತ್ತಬೇಕಾಗಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ 47 ವರ್ಷ. ಟ್ರೀಟ್‌ಮೆಂಟ್ ಮುಗಿದು 14 ತಿಂಗಳಾಯಿತು. ಎಸ್‌ಸಿಸಿ 0.9, ಆಮೇಲೆ 1.1 ಇತ್ತು. ಈ ಸಲ ಮನೆ ಹತ್ತಿರದ ಬೇರೆ ಲ್ಯಾಬಿನಲ್ಲಿ ಮಾಡಿಸಿದೆವು, 2.3 ಬಂದಿದೆ. ಅವಳಿಗೆ ಮೊಣಕೈಯಲ್ಲಿ, ತಲೆಯಲ್ಲಿ ಸೋರಿಯಾಸಿಸ್ ಇದೆ, ಈ ಚಳಿಗೆ ಜಾಸ್ತಿಯಾಗಿದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಕೂಡಲೇ ಕೀಮೋ ಶುರು ಮಾಡಿಸಬೇಕಾ?
ಶಿವಮೊಗ್ಗದ ಓದುಗರು

ಉತ್ತರ: ಬೇಡ. ಒಂದೇ ಒಂದು 2.3ಕ್ಕೆ ಯಾರೂ ಕೀಮೋ ಶುರು ಮಾಡುವುದಿಲ್ಲ. ಹಾಗಂತ ಸುಮ್ನೆ ಬಿಡುವಂಥದ್ದೂ ಅಲ್ಲ.

ಉತ್ತರದ ಒಂದು ಭಾಗ ನಿಮ್ಮ ಪತ್ರದಲ್ಲೇ ಇದೆ. ಎಸ್‌ಸಿಸಿ ಪ್ರೋಟೀನ್ ಚರ್ಮದ ಕಣಗಳಲ್ಲೂ ಇರುತ್ತದೆ. ಸೋರಿಯಾಸಿಸ್, ಎಕ್ಸಿಮಾ ಕೆರಳಿದಾಗ ರಕ್ತದಲ್ಲೂ ಏರುತ್ತದೆ. ಕಿಡ್ನಿ ತೊಂದರೆ ಇದ್ದರೂ ಏರುತ್ತದೆ. ಬೆವರು, ಎಂಜಲಿನಲ್ಲೂ ಅದು ಇದೆ. ಒಮ್ಮೆ ಒಬ್ಬರ ರಿಪೋರ್ಟ್ ಇದ್ದಕ್ಕಿದ್ದಂತೆ ಏರಿ ಬಂದಾಗ ನಾನೇ ಲ್ಯಾಬಿನೊಳಗೆ ಹೋಗಿ ನಿಂತು ನೋಡಿದೆ. ಬೇಸಿಗೆ, ಫ್ಯಾನ್ ಇಲ್ಲ. ಹುಡುಗ ಗ್ಲೌಸ್ ಬಿಚ್ಚಿಟ್ಟು, ಬೆವರಿದ ಬೆರಳಲ್ಲೇ ಟ್ಯೂಬಿನ ಬಾಯಿ ಹಿಡಿದು ಮುಚ್ಚಳ ತೆಗೆಯುತ್ತಿದ್ದ. ಹೊಸದಾಗಿ ರಕ್ತ ತೆಗೆದು ಗ್ಲೌಸ್, ಮಾಸ್ಕ್ ಹಾಕಿಸಿ ಮಾಡಿಸಿದರೆ ಮಾಮೂಲಿ ಬಂತು.

ಲ್ಯಾಬ್ ಬದಲಾದರೆ ಯಂತ್ರ, ಕಿಟ್ ಬದಲಾಗುತ್ತದೆ. ಒಂದರ 1.1ನ್ನು ಇನ್ನೊಂದರ 2.3ರ ಪಕ್ಕ ಇಟ್ಟು ನೋಡಬಾರದು. ಮೂರು ನಾಲ್ಕು ವಾರ ಬಿಟ್ಟು ಹಳೆಯ ಲ್ಯಾಬಿನಲ್ಲೇ ಮಾಡಿಸಿ, ಜೊತೆಗೆ ಕ್ರಿಯಾಟಿನಿನ್ ಕೂಡ. ಸೋರಿಯಾಸಿಸ್‌ಗೆ ಚರ್ಮದ ಡಾಕ್ಟರನ್ನು ನೋಡಿ.

ಆದರೆ ನಿಮ್ಮ ಹೆಂಡತಿಯನ್ನು ಟ್ರೀಟ್‌ಮೆಂಟ್ ಕೊಟ್ಟ ಡಾಕ್ಟರಿಗೆ ಈ ವಾರವೇ ತೋರಿಸಿ, ಒಳಪರೀಕ್ಷೆ ಮಾಡಿಸಿ. ಈ ಕಾಯಿಲೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದೊಳಗೆ. ನೀವು ಅದೇ ಅವಧಿಯಲ್ಲಿದ್ದೀರಿ. ಒಂದೇ ಕಾಲು ಊದಿಕೊಂಡಿದೆಯಾ, ಸೊಂಟದಿಂದ ಕಾಲಿಗೆ ಎಳೆಯುವ ನೋವು ಇದೆಯಾ, ಮತ್ತೆ ರಕ್ತ ಕಂಡಿದೆಯಾ ಅಂತ ಕೇಳಿಕೊಳ್ಳಿ. ಮುಂದಿನ ಸಲವೂ ಏರಿ, ಅದರ ಮುಂದಿನ ಸಲವೂ ಏರಿದರೆ ಆಗ ಸ್ಕ್ಯಾನ್ ಬೇಕು. ತೊಂದರೆ ಕಾಣಿಸಿಕೊಳ್ಳುವ ಎಷ್ಟೋ ತಿಂಗಳು ಮೊದಲೇ ಎಸ್‌ಸಿಸಿ ಏರಿದ್ದನ್ನು ನಾನು ಕಂಡಿದ್ದೇನೆ. ಕಿಬ್ಬೊಟ್ಟೆಯ ಮಧ್ಯಭಾಗದಲ್ಲಷ್ಟೇ ಮರಳಿದ್ದರೆ ಕೆಲವರಿಗೆ ದೊಡ್ಡ ಆಪರೇಷನ್ ಮಾಡಿ ಗುಣಪಡಿಸಲು ಬರುತ್ತದೆ. ಅದಕ್ಕೇ ಈ ಪರೀಕ್ಷೆಗೆ ಬೆಲೆ.

ಪ್ರಶ್ನೆ: ಚಿಕಿತ್ಸೆ ಮುಗಿದ ಮೇಲೆ ರಕ್ತದಲ್ಲಿ ಎಚ್‌ಪಿವಿ ಡಿಎನ್‌ಎ ನೋಡುವ ಹೊಸ ಪರೀಕ್ಷೆ ಬಂದಿದೆಯಂತೆ. ನಮ್ಮ ಅತ್ತೆಗೆ ಬಯಾಪ್ಸಿಯಲ್ಲಿ ಅಡಿನೊಕಾರ್ಸಿನೋಮ ಅಂತ ಇದೆ, ಎಸ್‌ಸಿಸಿ ಮೊದಲಿನಿಂದಲೂ ನಾರ್ಮಲ್. ಇದನ್ನು ಮಾಡಿಸಬಹುದಾ?
ಒಬ್ಬ ನರ್ಸ್, ಮೈಸೂರು

ಉತ್ತರ: ಸರಿಯಾದ ಪ್ರಶ್ನೆ. ಅಡಿನೊಕಾರ್ಸಿನೋಮ, ಅಂದ್ರೆ ಗ್ರಂಥಿಯ ಕಣಗಳಿಂದ ಹುಟ್ಟುವ ಬಗೆಯಲ್ಲಿ ಎಸ್‌ಸಿಸಿ ಹೆಚ್ಚು ಸಹಾಯ ಮಾಡುವುದಿಲ್ಲ, ಸಿಎ 125 ಮತ್ತು ಸಿಇಎ ಅನ್ನುವ ಬೇರೆ ರಕ್ತ ಪರೀಕ್ಷೆಗಳನ್ನು ನೋಡುವ ರೂಢಿ ಇದೆ. ಅವೂ ಎಲ್ಲರಲ್ಲೂ ಏರುವುದಿಲ್ಲ.

ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ವೈರಸ್. 16 ಮತ್ತು 18ನೇ ಬಗೆಗಳೇ 100ಕ್ಕೆ ಸುಮಾರು 70 ಕೇಸುಗಳಿಗೆ ಕಾರಣ. ಕ್ಯಾನ್ಸರ್ ಕಣ ಸತ್ತಾಗ ಅದರೊಳಗಿನ ವೈರಸ್ ಡಿಎನ್‌ಎಯ ಚೂರುಗಳು ರಕ್ತಕ್ಕೆ ಬೀಳುತ್ತವೆ. ಟೊರೊಂಟೊದ ಪ್ರಿನ್ಸೆಸ್ ಮಾರ್ಗರೆಟ್ ಕ್ಯಾನ್ಸರ್ ಸೆಂಟರಿನವರು ಇದನ್ನು ಬಹಳ ಶ್ರದ್ಧೆಯಿಂದ ಹಿಂಬಾಲಿಸಿದ್ದಾರೆ. ಕೀಮೋ ರೇಡಿಯೇಷನ್ ಮುಗಿದ ಮೇಲೂ ಆ ಚೂರು ರಕ್ತದಲ್ಲಿ ಸಿಗುತ್ತಿದ್ದವರಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ. ಈ ಪಟ್ಟಿಯಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿರುವ ಪರೀಕ್ಷೆ ಇದೇ. ಜ್ವರ, ಸೋರಿಯಾಸಿಸ್, ಸ್ಟೆರಾಯ್ಡ್ ಯಾವುದೂ ಇದನ್ನು ಏರಿಸುವುದಿಲ್ಲ. ಆದರೆ ಪಾಸಿಟಿವ್ ಬಂದರೆ ಮುಂದೇನು ಕೊಡಬೇಕು ಅನ್ನೋದು ಇನ್ನೂ ಸಂಶೋಧನೆಯಲ್ಲೇ ಇದೆ. ಎಲ್ಲಾದರೂ ಅಧ್ಯಯನದ ಭಾಗವಾಗಿ ಉಚಿತವಾಗಿ ಮಾಡಿದರೆ ಅತ್ತೆಯನ್ನು ಸೇರಿಸಿ. ಕೈಯಿಂದ ದೊಡ್ಡ ದುಡ್ಡು ಹಾಕಿ ಮಾಡಿಸಬೇಡಿ. ಆ ದುಡ್ಡನ್ನು ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಬರುವ ಖರ್ಚಿಗೆ ಇಡಿ.

ಪ್ರಶ್ನೆ: ನಮ್ಮ ಊರಿಗೆ ಒಂದು ಕ್ಯಾಂಪ್ ಬಂದಿತ್ತು. ಸಂಘದ 12 ಜನ ಹೆಂಗಸರು ದುಡ್ಡು ಕೊಟ್ಟು ರಕ್ತ ಪರೀಕ್ಷೆ ಮಾಡಿಸಿದೆವು. ಎಲ್ಲರಿಗೂ ಗರ್ಭಕೋಶದ ಕ್ಯಾನ್ಸರ್ ಇಲ್ಲ ಅಂತ ಚೀಟಿ ಕೊಟ್ಟರು. ಇನ್ನು ನಿಶ್ಚಿಂತೆಯಿಂದ ಇರಬಹುದಲ್ಲವೇ?
ಸ್ತ್ರೀಶಕ್ತಿ ಸಂಘದ ಸದಸ್ಯೆ, ಚಿಂತಾಮಣಿ ತಾಲ್ಲೂಕು

ಉತ್ತರ: ಇಲ್ಲ, ತಾಯಿ. ಈ ಕಾಯಿಲೆ ಇಲ್ಲ ಅಂತ ರಕ್ತ ನೋಡಿ ಹೇಳಲು ಸಾಧ್ಯವೇ ಇಲ್ಲ. ಸಣ್ಣ ಹಂತದಲ್ಲಿ ಎಸ್‌ಸಿಸಿ ಬಹಳ ಜನರಲ್ಲಿ ನಾರ್ಮಲ್ಲಾಗಿಯೇ ಇರುತ್ತದೆ. ಗುಣಪಡಿಸಲು ಅತಿ ಸುಲಭ ಇರುವುದು ಆ ಹಂತದಲ್ಲೇ. ಆ ಚೀಟಿ ನಂಬಿಕೊಂಡು ಯಾರಾದರೂ ಬಿಳಿಸೆರಗನ್ನೋ ರಕ್ತವನ್ನೋ ಕಡೆಗಣಿಸಿದರೆ ಅಂತ ನೆನೆದು ನನಗೆ ಸಂಕಟವಾಗುತ್ತಿದೆ.

ನಿಮಗೆ ಬೇಕಾಗಿರುವುದು ಗರ್ಭಕೋಶದ ಬಾಯಿಯನ್ನು ನೋಡುವ ಪರೀಕ್ಷೆ. ಪ್ಯಾಪ್ ಸ್ಮಿಯರ್, ಎಚ್‌ಪಿವಿ ಪರೀಕ್ಷೆ, ಅಥವಾ ವಿಐಎ. ವಿಐಎ ಅಂದ್ರೆ ವಿನೆಗರಿನಂಥ ತೆಳು ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕಣಗಳಿರುವ ಜಾಗ ಬೆಳ್ಳಗಾಗುತ್ತದೆ. ನೋವಿಲ್ಲ, ಐದು ನಿಮಿಷದ ಕೆಲಸ. 30ರಿಂದ 65 ವರ್ಷದ ಹೆಂಗಸರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಆಸ್ಪತ್ರೆಯಲ್ಲಿ, ಯಾವ ವಾರ ಮಾಡುತ್ತಾರೆ ಅಂತ ಹೇಳುತ್ತಾರೆ. 12 ಜನವೂ ಒಟ್ಟಿಗೆ ಹೋಗಿ, ಒಬ್ಬೊಬ್ಬರೇ ಅಂದ್ರೆ ನಾಚಿಕೆಗೆ ತಪ್ಪಿಸುತ್ತಾರೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ.